ವಿಚಾರಣೆ ಎಷ್ಟು ವರ್ಷ ನಡೀತು?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂಎಸ್‌ಸಿ ಮಾಡುತ್ತೇನೆ ಎಂದಾಗ ನಮ್ಮ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಆಳುಗಳ ಹತ್ರ ಕೆಲಸ ಮಾಡ್ಸೋದನ್ನ ಕಲಿಯೋಕೆ ಲೋನ್ ತಗೊಂಡು ಸ್ಕಾಟ್ಲೆಂಡಿಗೆ ಹೋಗ್ಬೇಕಾ?" ನನಗೆ ಒಳ್ಳೆಯ ಉತ್ತರ ಹೊಳೆಯಲಿಲ್ಲ. ಎಡಿನ್‌ಬರೋಗೆ ಬಂದ ಮೇಲೆ ನಮ್ಮ ಕೆಳಗಿನ ಮನೆಯ ಅಜ್ಜಿಗೆ ಇದೇ ವಿಷಯ ಹೇಳಿದೆ. ಅವರು ಕಸದ ಚೀಲ ಕೆಳಗಿಟ್ಟು, ಮೆಟ್ಟಿಲ ಕಂಬಿ ಹಿಡಿದುಕೊಂಡು ನಕ್ಕರು. "ಅದನ್ನ ಕಲಿಯೋಕೆ ಎಲ್ಲಾ ಬಿಟ್ಟು ಈ ಊರಿಗೆ ಬಂದ್ಯಾ? ದೇವರೇ!"

ಅವರ ನಗುವಿಗೆ ಕಾರಣ ಇದೆ. ಈ ಊರಲ್ಲಿ ನಮ್ಮ ಸಿಲಬಸ್ಸಿನ ಅರ್ಧ ಭಾಗ ರಸ್ತೆ ಮೇಲೇ ಸಿಗುತ್ತದೆ. ಹೋಲಿರೂಡ್‌ನಲ್ಲಿರುವ ಸ್ಕಾಟ್ಲೆಂಡಿನ ಸಂಸತ್ ಭವನವನ್ನೇ ತೆಗೆದುಕೊಳ್ಳಿ. 1997ರಲ್ಲಿ 1 ಕೋಟಿಯಿಂದ 4 ಕೋಟಿ ಪೌಂಡ್ ಸಾಕು ಎಂದಿದ್ದರು. 2004ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ 41 ಕೋಟಿ ದಾಟಿತ್ತು. ನಡುವೆ 2000ರಲ್ಲಿ ಅದರ ವಾಸ್ತುಶಿಲ್ಪಿ ಎನ್ರಿಕ್ ಮಿರಾಯೆಸ್ ತೀರಿಕೊಂಡರು, ಅದೇ ವರ್ಷ ಆ ಕಟ್ಟಡದ ಬೆನ್ನಿಗೆ ನಿಂತಿದ್ದ ಫಸ್ಟ್ ಮಿನಿಸ್ಟರ್, ಅಂದರೆ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಡೊನಾಲ್ಡ್ ಡ್ಯೂವರ್ ಕೂಡ ಹೋದರು. ಕೆಲಸಕ್ಕೆ ಏನೇನು ಅಡ್ಡಿ ಬರಬಹುದು ಎಂದು ಮೊದಲೇ ಪಟ್ಟಿ ಮಾಡುವ ರಿಸ್ಕ್ ರಿಜಿಸ್ಟರ್‌ನಲ್ಲಿ ಯಾರೂ ಇದನ್ನು ಬರೆದುಕೊಂಡಿರುವುದಿಲ್ಲ, ಅಲ್ವಾ?

ಆದರೆ ಅಜ್ಜಿ ನಕ್ಕದ್ದು ಸಂಸತ್ತಿಗಲ್ಲ, ಟ್ರಾಮಿಗೆ. ವಿಮಾನ ನಿಲ್ದಾಣದಿಂದ ಸಮುದ್ರದ ದಡದ ನ್ಯೂಹೇವನ್ ತನಕ ಟ್ರಾಮ್ ಓಡಬೇಕಿತ್ತು. 54.5 ಕೋಟಿ ಪೌಂಡ್ ಬಜೆಟ್, 2011ಕ್ಕೆ ಮುಗಿಯಬೇಕು. ಕೊನೆಗೆ ಓಡಿದ್ದು 2014ರ ಮೇ 31ರಂದು, ಅದೂ ಊರ ನಡುವಿನ ಯಾರ್ಕ್ ಪ್ಲೇಸ್ ತನಕ ಮಾತ್ರ. ಆಗಿದ್ದ ಖರ್ಚು 77.6 ಕೋಟಿ. ಉಳಿದ ತುಂಡು ಪೂರ್ತಿ ಆಗಿದ್ದು 2023ರ ಜೂನ್‌ನಲ್ಲಿ, ಅದಕ್ಕೆ ಇನ್ನೂ 20 ಕೋಟಿಗಿಂತ ಜಾಸ್ತಿ.

ಆ ಉಳಿದ ತುಂಡು ಹೋಗುವುದು ಲೀತ್ ವಾಕ್ ಎಂಬ ರಸ್ತೆಯಲ್ಲಿ. ಅಲ್ಲಿ ಅಜ್ಜಿಯದು ಉಣ್ಣೆ ದಾರದ ಅಂಗಡಿ ಇತ್ತು. ಮೊದಲ ಸಲ ರಸ್ತೆ ಅಗೆದು ಪೈಪು, ಕೇಬಲ್ಲು ಎಲ್ಲ ಸರಿಸಿದರು. ಆಮೇಲೆ ಜಗಳ, ಪಂಚಾಯಿತಿ. ದುಡ್ಡು ಸಾಲದೆ ಹಳಿಯನ್ನೇ ಹಾಕದೆ ಮುಚ್ಚಿದರು. ವರ್ಷಗಳ ನಂತರ ಹಳಿ ಹಾಕಲು ಅದೇ ರಸ್ತೆಯನ್ನು ಮತ್ತೆ ಅಗೆದರು. ಅಂಗಡಿ ಮೊದಲನೆಯದಕ್ಕೇ ಬಾಗಿಲು ಹಾಕಿತ್ತು. "ಎರಡನೇ ಸಲ ನಾನು ಮಹಡಿ ಕಿಟಕಿಯಿಂದ ಆರಾಮಾಗಿ ನೋಡಿದೆ. ನನ್ನ ಹತ್ರ ಕಳ್ಕೊಳ್ಳೋಕೆ ಏನೂ ಉಳಿದಿರಲಿಲ್ಲ ನೋಡು" ಎಂದರು. ಮತ್ತೆ ನಗು.

ಕ್ಲಾಸಿನಲ್ಲಿ ಇದಕ್ಕೆಲ್ಲ ಒಂದೊಂದು ಹೆಸರಿದೆ. ನಮ್ಮ ಅಂದಾಜು ಯಾವಾಗಲೂ ಕಡಿಮೆಯೇ ಇರುತ್ತದೆ ಎಂಬುದಕ್ಕೆ ಆಪ್ಟಿಮಿಸಂ ಬಯಾಸ್ ಎನ್ನುತ್ತಾರೆ. ಬ್ರಿಟನ್ನಿನ ಖಜಾನೆ ಇಲಾಖೆ ಇದಕ್ಕೊಂದು ಲೆಕ್ಕವನ್ನೇ ಕೊಟ್ಟಿದೆ. ಮಾಮೂಲಿ ಸಿವಿಲ್ ಕಾಮಗಾರಿಯಾದರೆ ಮೊದಲ ಅಂದಾಜಿನ ಮೇಲೆ ಶೇ 44ರವರೆಗೆ ಸೇರಿಸಿ, ವಿಶೇಷ ವಿನ್ಯಾಸ ಬೇಕಾಗುವ ತರಹದ್ದಾದರೆ ಶೇ 66ರವರೆಗೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮವರು ಯಾವತ್ತೋ ಹೇಳಿದ್ದರು. ಪರ್ಸೆಂಟೇಜ್ ಮಾತ್ರ ಹೇಳಿರಲಿಲ್ಲ.

ಮೊನ್ನೆ ಅಜ್ಜಿ ಚಹಾಕ್ಕೆ ಕರೆದರು. ಮತ್ತೆ ಟ್ರಾಮ್ ಕಥೆ ಬಂತು. ನನಗೂ ಹುರುಪು ಬಂತು. ನಿಮ್ಮದೇನು ಮಹಾ, ನಮ್ಮದು ಕೇಳಿ ಅಂತ ಬೆಂಗಳೂರಿನ ಈಜಿಪುರ ಮೇಲ್ಸೇತುವೆಯ ಕಥೆ ತೆಗೆದೆ. ಬರೀ ಎರಡೂವರೆ ಕಿಲೋಮೀಟರ್. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕು. ಕಂಬಗಳು ಎದ್ದವು, ಕೆಲಸ ನಿಂತಿತು, ಗುತ್ತಿಗೆ ರದ್ದಾಯಿತು, ಬೇರೆಯವರಿಗೆ ಕೊಟ್ಟು 2023ರಲ್ಲಿ ಮತ್ತೆ ಶುರುವಾಯಿತು. ಕಂಬಗಳ ನಡುವೆ ನುಗ್ಗುವ ಸ್ಕೂಟರು, ಮಳೆ ಬಂದಾಗಿನ ಕೆಸರು, ಅರ್ಧಕ್ಕೇ ಗಾಳಿಯಲ್ಲಿ ನಿಂತ ರಸ್ತೆ, ಎಲ್ಲವನ್ನೂ ಕೈ ಬಾಯಿ ತಿರುಗಿಸಿ ವರ್ಣಿಸಿದೆ. ಹೊರದೇಶದಲ್ಲಿ ನಮ್ಮ ಊರಿನ ಅವ್ಯವಸ್ಥೆ ಹೇಳುವಾಗಲೂ ಒಂದು ಬಗೆಯ ಹೆಮ್ಮೆ ಬರುತ್ತದೆ. ಯಾಕೋ ಗೊತ್ತಿಲ್ಲ.

ಅಜ್ಜಿ ಚೆನ್ನಾಗಿ ನಕ್ಕರು. ಬಿಸ್ಕೆಟ್ ತಟ್ಟೆ ಮುಂದೆ ಸರಿಸಿ ಕೇಳಿದರು. "ಮತ್ತೆ ನಿಮ್ಮಲ್ಲಿ ವಿಚಾರಣೆ ಎಷ್ಟು ವರ್ಷ ನಡೀತು?"

ನಡೆಯಿತಾ ಎಂದು ಕೇಳಿದ್ದರೆ ಇಲ್ಲ ಎಂದು ತಲೆಯಾಡಿಸಿ ಮುಂದೆ ಹೋಗಬಹುದಿತ್ತು. ಅವರು ಕೇಳಿದ್ದು ಎಷ್ಟು ವರ್ಷ ಅಂತ. ನಡೆದೇ ಇರುತ್ತದೆ ಎಂದುಕೊಂಡಿದ್ದರು. ಅಷ್ಟು ದೊಡ್ಡ ಊರು, ಅಷ್ಟು ವರ್ಷ ನಿಂತ ಕೆಲಸ, ಯಾರಾದರೂ ಕೂತು ಕೇಳಿರಲೇಬೇಕಲ್ಲ?

ಅವರ ಟ್ರಾಮಿನ ಬಗ್ಗೆ ಹಾಗೆ ಕೂತು ಕೇಳಿದ್ದರು. ಟ್ರಾಮ್ ಓಡಲು ಶುರುವಾದ ಕೆಲವೇ ದಿನಗಳಲ್ಲಿ ಸ್ಕಾಟ್ಲೆಂಡ್ ಸರ್ಕಾರ ವಿಚಾರಣೆ ಘೋಷಿಸಿತು. ಲಾರ್ಡ್ ಹಾರ್ಡಿ ಎಂಬ ನಿವೃತ್ತ ನ್ಯಾಯಾಧೀಶರ ನೇತೃತ್ವ. ವರದಿ ಬಂದಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಟ್ರಾಮ್ ತಡವಾದದ್ದು ಯಾಕೆ ಎಂದು ಹೇಳುವ ವರದಿಯೇ ಒಂಬತ್ತು ವರ್ಷ ತೆಗೆದುಕೊಂಡಿತು ಎಂದು ಇಡೀ ಊರು ಆಡಿಕೊಂಡಿತು. ಖರ್ಚು 1.3 ಕೋಟಿ ಪೌಂಡ್. "ನನ್ನ ಅಂಗಡಿಗೆ ಬರೋ ಹೆಂಗಸರು ಮೊದಲ ತಿಂಗಳಲ್ಲೇ ಬಿಟ್ಟಿಯಾಗಿ ಹೇಳಿದ್ದನ್ನೇ ಅವರು ಬರೆದಿದ್ದಾರೆ" ಎಂದು ಅಜ್ಜಿಯ ತಕರಾರು. ಆದರೂ ಬರೆದಿದ್ದಾರೆ. ಸಿಟಿ ಕೌನ್ಸಿಲ್, ಯೋಜನೆ ನಡೆಸಲು ಅದು ಕಟ್ಟಿದ ಕಂಪನಿ, ಮಂತ್ರಿಗಳು, ಯಾರು ಎಲ್ಲಿ ಎಡವಿದರು ಅಂತ. ವಿನ್ಯಾಸ ಮುಗಿಯುವ ಮುಂಚೆಯೇ ಗುತ್ತಿಗೆಗೆ ಸಹಿ ಹಾಕಿದ ಕಥೆಯೂ ಅದರಲ್ಲಿದೆ. ನಾವು ಅದನ್ನು ಪಾಠವಾಗಿ ಓದುತ್ತೇವೆ, ಪರೀಕ್ಷೆ ಬರೆಯುತ್ತೇವೆ.

ನಮ್ಮಲ್ಲಿ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳಿವೆ, ವಿಧಾನಮಂಡಲದಲ್ಲಿ ಮಂಡನೆಯಾಗುತ್ತವೆ. 150 ಕೋಟಿ ರೂಪಾಯಿ ಮೇಲಿನ ಕೇಂದ್ರದ ಯೋಜನೆಗಳು ಎಷ್ಟು ತಡ ಎಂದು ದೆಹಲಿಯ ಸಚಿವಾಲಯವೊಂದು ಲೆಕ್ಕ ಇಡುತ್ತದೆ. ಅವುಗಳ ಸುದ್ದಿ ಒಂದು ದಿನ ಪೇಪರಿನಲ್ಲಿ ಬರುತ್ತದೆ, ಮಾರನೇ ದಿನ ಹೊಸ ಶಂಕುಸ್ಥಾಪನೆ. ಕಲ್ಲಿನ ಮೇಲೆ ಯಾರ ಹೆಸರು ಮೊದಲು ಅನ್ನುವ ಜಗಳದಷ್ಟು ಹೊತ್ತು ಯಾವ ವರದಿಯೂ ಬಾಳುವುದಿಲ್ಲ.

ಅವತ್ತು ರಾತ್ರಿ ನನಗೆ ಅಪ್ಪನ ಅಳತೆ ಪುಸ್ತಕ ನೆನಪಾಯಿತು. ಅಪ್ಪ ಸರ್ಕಾರಿ ಇಂಜಿನಿಯರ್ ಆಗಿದ್ದವರು. ಎಂಬಿ, ಅಂದರೆ ಮೆಷರ್‌ಮೆಂಟ್ ಬುಕ್ ಎಂದೇ ಕರೆಯುತ್ತಿದ್ದರು ಅದನ್ನು. ಪ್ರತಿ ಪುಟಕ್ಕೂ ಅಚ್ಚಾದ ನಂಬರು. ಒಂದು ಹಾಳೆ ಹರಿಯುವಂತಿಲ್ಲ, ಒಂದು ಅಂಕಿ ಅಳಿಸುವಂತಿಲ್ಲ. ತಪ್ಪಾದರೆ ಗೆರೆ ಎಳೆದು, ಸರಿಯಾದ್ದು ಬರೆದು, ಪಕ್ಕದಲ್ಲಿ ಸಹಿ. ನಾನು ಚಿಕ್ಕವನಿದ್ದಾಗ ಅದನ್ನು ಮುಟ್ಟಿದರೆ ಬೈಯುತ್ತಿದ್ದರು, ದೇವರ ಪಟ ಮುಟ್ಟಿದರೂ ಅಷ್ಟು ಬೈಯುತ್ತಿರಲಿಲ್ಲ. ಎಷ್ಟು ಘನ ಮೀಟರ್ ಅಗೆದರು, ಎಷ್ಟು ಕಾಂಕ್ರೀಟ್ ಹಾಕಿದರು, ಎಷ್ಟು ಟನ್ ಕಬ್ಬಿಣ, ಎಲ್ಲ ಅದರಲ್ಲಿ ಇರುತ್ತಿತ್ತು.

ಅದೇ ಅಪ್ಪ ನೋಡಿಕೊಳ್ಳುತ್ತಿದ್ದ ಒಂದು ಸೇತುವೆ ನಮ್ಮೂರ ಹಳ್ಳದಲ್ಲಿ ವರ್ಷಾನುಗಟ್ಟಲೆ ನಿಂತೇ ಇತ್ತು. ಬರೀ ಕಂಬ, ಮೇಲೆ ಏನೂ ಇಲ್ಲ. ಮಲೆನಾಡಿನ ಮಳೆಗಾಲ ಹೇಗಿರುತ್ತದೆ ಗೊತ್ತಲ್ಲ. ನಾವು ಶಾಲೆಗೆ ಹೋಗುತ್ತಿದ್ದುದು ಪಕ್ಕದ ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ. ಕಂಟ್ರಾಕ್ಟರ್ ಓಡಿಹೋದ ಅಂತ ಕೆಲವರು, ಜಮೀನಿನ ತಕರಾರು ಅಂತ ಕೆಲವರು, ಎಲೆಕ್ಷನ್ ಅಂತ ಇನ್ನು ಕೆಲವರು. ಅಪ್ಪ ಮಾತ್ರ ಏನೂ ಹೇಳುತ್ತಿರಲಿಲ್ಲ. ಸೇತುವೆ ಕೊನೆಗೂ ಆದಾಗ ಊರಿನವರು ಮಂತ್ರಿಗೆ ಹಾರ ಹಾಕಿದರು. ಅಷ್ಟು ವರ್ಷ ಯಾಕೆ ಎಂಬುದು ಯಾವ ಎಂಬಿಯಲ್ಲೂ ಇರಲಿಲ್ಲ. ಅದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಡಿಸರ್ಟೇಶನ್‌ಗೆ, ಅಂದರೆ ಕೋರ್ಸಿನ ಸಂಶೋಧನಾ ಪ್ರಬಂಧಕ್ಕೆ ವಿಷಯ ಕೊಡುವ ಹೊತ್ತು ಬಂದಿತ್ತು. ನಮ್ಮ ಮೇಷ್ಟ್ರಿಗೆ ಹೇಳಿದೆ, ಕರ್ನಾಟಕದ ಸಣ್ಣ ಸೇತುವೆಗಳು ತಡವಾಗುವುದು ಯಾಕೆ ಅಂತ ಬರೆಯುತ್ತೇನೆ ಎಂದು. "ಚೆನ್ನಾಗಿದೆ, ಕೆಲಸ ಮುಗಿದ ಮೇಲೆ ಬರೆಯೋ ಕ್ಲೋಸಿಂಗ್ ರಿಪೋರ್ಟ್‌ಗಳನ್ನ ತರಿಸಿಕೋ" ಎಂದರು. ಎಷ್ಟು ಸಲೀಸು ನೋಡಿ! ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಆನ್‌ಲೈನ್‌ನಲ್ಲೇ ಆಗುತ್ತದೆ, 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ. ನನ್ನ ಪ್ರಶ್ನೆಗೆ ಅಷ್ಟೂ ಬೇಡ. ತೊಡಕು ಬೇರೆ. ಆ ಕಾಯ್ದೆಯಲ್ಲಿ ಸಿಗುವುದು ದಾಖಲೆಯಲ್ಲಿ ಇರುವುದು ಮಾತ್ರ. ಎಷ್ಟು ಖರ್ಚಾಯಿತು ಎಂದರೆ ಕೊಡುತ್ತಾರೆ. ಯಾಕೆ ತಡವಾಯಿತು ಎಂದರೆ, ಕಾರಣ ಯಾರೂ ಬರೆದಿಟ್ಟಿಲ್ಲದಿದ್ದರೆ, ಕೊಡಲು ಏನೂ ಇಲ್ಲ.

ಕೊನೆಗೆ ಅಪ್ಪನಿಗೇ ವಾಟ್ಸ್ಆ್ಯಪ್ ಕಾಲ್ ಮಾಡಿದೆ. ನಿವೃತ್ತರಾಗಿದ್ದಾರೆ, ಸಂಜೆ ಹೊತ್ತು ಜಗಲಿಯಲ್ಲಿ ಆರಾಮಾಗಿ ಸಿಗುತ್ತಾರೆ. ಎಂಬಿಯಲ್ಲಿ ಯಾಕೆ ಅನ್ನೋದನ್ನೂ ಬರೀಬೇಕು ಅಂತ ನಿಮಗೆ ಯಾವತ್ತೂ ಅನ್ನಿಸಲಿಲ್ವಾ ಎಂದು ಕೇಳಿದೆ.

"ಬರೆದಿದ್ರೆ ನೀನು ಹತ್ತು ಊರಲ್ಲಿ ಹತ್ತು ಶಾಲೆ ನೋಡಿರ್ತಿದ್ದೆ" ಎಂದರು.

ಆ ಹಳ್ಳದ ಸೇತುವೆ ಕಥೆಯಾದರೂ ಹೇಳಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು, "ಅದಾ? ಅದು ದೊಡ್ಡ ಕಥೆ" ಎಂದು ಶುರು ಮಾಡಿದರು. ಡಿಸರ್ಟೇಶನ್‌ಗೆ ಬೇಕಾಗುತ್ತದೆ, ರೆಕಾರ್ಡ್ ಮಾಡ್ಕೊಳ್ಳಲಾ ಅಂತ ಕೇಳಿದೆ.

"ಮೊದಲು ಅದನ್ನ ಆಫ್ ಮಾಡು. ಆಮೇಲೆ ಹೇಳ್ತೀನಿ."