ಉಗುರಿನ ಸಂದಿಯ ನೀಲಿ

ನಮ್ಮ ಜಾತಕ ನೋಡಿದಾಗ 36 ಗುಣಗಳಲ್ಲಿ 27 ಕೂಡಿದ್ದವು. ಎರಡೂ ಮನೆಯಲ್ಲಿ ಖುಷಿಯೋ ಖುಷಿ. ಹುಡುಗಿ ರಾತ್ರಿಯೆಲ್ಲ ಚಿಂತೆ ಮಾಡುವವಳು, ಹುಡುಗ ಮಲಗಿದ ಕೂಡಲೇ ಗೊರಕೆ ಹೊಡೆಯುವವನು ಅನ್ನೋದು ಮಾತ್ರ ಜಾತಕದಲ್ಲಿ ಇರಲಿಲ್ಲ.

ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಮದುವೆಯಾದ ಮೂರನೇ ಮಳೆಗಾಲ. ಎರಡನೇ ಸಲ ಮದ್ದು ಹೊಡೆಯಬೇಕಿತ್ತು. ಒಂಬತ್ತು ದಿನವಾದರೂ ಮಳೆ ಹೊಳವಾಗಲಿಲ್ಲ. ಕೊಳೆರೋಗ ಬಂದು ಎಳೆಕಾಯಿ ಉದುರಿದರೆ ಸಾಲ ಕಟ್ಟೋದು ಹೇಗೆ? ರಾತ್ರಿ ಎರಡು ಗಂಟೆಗೆ ಇವರನ್ನು ಅಲುಗಾಡಿಸಿ ಎಬ್ಬಿಸಿದೆ. "ಎಂತ ಆಗ್ತಿಲ್ಲೆ, ಮಲಗು" ಅಂದರು. ಇವರಿಗೆ ಮನೆಯ ಚಿಂತೆಯೇ ಇಲ್ಲ ಅನ್ನಿಸಿ ಅತ್ತುಬಿಟ್ಟೆ. ಮರುದಿನ ಮಾತೇ ಆಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಇವರ ಕೈ ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ನೀಲಿ. ಮದ್ದಿಗೆ ಹಾಕುವ ಮೈಲುತುತ್ತದ ಬಣ್ಣ. ಕೊಟ್ಟಿಗೆ ಅಟ್ಟಕ್ಕೆ ಹೋಗಿ ನೋಡಿದರೆ ಎಲ್ಲ ತಯಾರು! ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಲೆಕ್ಕಕ್ಕೆ ತೂಗಿ, ಬೇರೆ ಬೇರೆ ಪೊಟ್ಟಣ ಕಟ್ಟಿ ಸಾಲಾಗಿ ಇಟ್ಟಿದ್ದರು. ನನಗೆ ಒಂದು ಮಾತು ಹೇಳಿದ್ದರೆ ನಾನೂ ಮಲಗುತ್ತಿದ್ದೆ, ಅಲ್ವಾ?

ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಾಳೆ. ಅಮೆರಿಕದಲ್ಲಿ 1930ರ ದಶಕದಲ್ಲಿ ನಿಶ್ಚಿತಾರ್ಥವಾದ 300 ಜೋಡಿಗಳನ್ನು 1980ರವರೆಗೂ ಗಮನಿಸಿದ ಅಧ್ಯಯನದ ಬಗ್ಗೆ ಅವಳೇ ಹೇಳಿದ್ದು. ಗಂಡನದಾಗಲಿ ಹೆಂಡತಿಯದಾಗಲಿ, ಸಣ್ಣದಕ್ಕೂ ಕಳವಳಪಡುವ ಸ್ವಭಾವ ದಾಂಪತ್ಯವನ್ನು ಜಾಸ್ತಿ ಕಾಡುತ್ತದಂತೆ. ಗಂಡನಿಗೆ ತನ್ನ ಮೇಲೆ ಹಿಡಿತ ಇಲ್ಲದಿದ್ದರೂ ಕಷ್ಟವೇ. ಇಬ್ಬರ ಸ್ವಭಾವ ಒಂದೇ ಥರ ಇದೆಯೋ ಇಲ್ಲವೋ ಅನ್ನೋದು ಅಷ್ಟು ದೊಡ್ಡ ಮಾತಲ್ಲ ಅಂತ ಆಮೇಲಿನ ಅಧ್ಯಯನಗಳು ಹೇಳಿವೆಯಂತೆ.

ಕೇಳಿ ಮನಸ್ಸಿಗೆ ಚುಚ್ಚಿತು. ಇಷ್ಟು ವರ್ಷ ನಾನು "ನಮ್ಮಿಬ್ಬರ ಸ್ವಭಾವ ಹೊಂದೋದಿಲ್ಲ" ಅಂತಲೇ ಹೇಳಿಕೊಂಡು ಬಂದವಳು. ನನ್ನ ಕಳವಳ ಇವರನ್ನೂ ಎಷ್ಟು ದಣಿಸಿರಬಹುದು ಅಂತ ಒಂದು ದಿನವೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಅಳ್ತೆ ಅಂತ ಹೆದರಿ ಎಷ್ಟೋ ವಿಷಯ ಹೇಳ್ತಿರ್ಲಿಲ್ಲೆ" ಅಂದರು.

ನನ್ನ ಚಿಂತೆ ಪೂರ್ತಿ ಹೋಗಿಲ್ಲ. ಆದರೆ ಈಗ ರಾತ್ರಿ ಎಬ್ಬಿಸುವುದಿಲ್ಲ, ಬೆಳಗ್ಗೆ ಚಾ ಕುಡಿಯುವಾಗ ಕೇಳುತ್ತೇನೆ. ಇವರೂ ಮಳೆಗಾಲದಲ್ಲಿ ದೀಪ ಆರಿಸುವ ಮೊದಲು ತಾವಾಗಿಯೇ ಹೇಳುತ್ತಾರೆ: ಪೊಟ್ಟಣ ಇಷ್ಟು ಕಟ್ಟಿದ್ದೇನೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಫೋನ್ ಮಾಡಿಯಾಯಿತು.