ಆ ಯಂತ್ರ ಈಗ ಯಾರ ಮನೆಯಲ್ಲಿದೆ?

ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಅದರಲ್ಲಿ ಒಂದೊಂದು ಬಗೆಯ ಪ್ರೊಸೆಸರ್‌ಗೂ ಇರುವ ಭಾಗವೇ ಪೋರ್ಟ್. ಮೋಟರೋಲಾ 68000 ವಂಶದ ಹಳೆಯ ಪ್ರೊಸೆಸರ್‌ಗಳಿಗಾಗಿ ಮುಕ್ತ ತಂತ್ರಾಂಶದ ಕಂಪೈಲರ್‌ಗಳಲ್ಲಿರುವ ಪೋರ್ಟಿಗೆ ನಾನು ಆಗಾಗ ಪ್ಯಾಚ್, ಎಂದರೆ ಸಣ್ಣ ತಿದ್ದುಪಡಿ, ಕಳಿಸುತ್ತೇನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅದನ್ನು ಈಗ ಯಾರು ಬಳಸುತ್ತಾರೆ? ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಬರೆದಿಡುತ್ತಿದ್ದೇನೆ. ಬಹಳ ಜನ ಬಳಸುವುದಿಲ್ಲ. ನನ್ನ ಮನೆಯಲ್ಲೂ ಅಂಥ ಯಂತ್ರವಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಯಂತ್ರದಂತೆ ನಟಿಸುವ ಕ್ಯೂಎಮು ಎಂಬ ಎಮ್ಯುಲೇಟರ್ ಇದೆ, ಅಷ್ಟೇ. ಸಮಾಧಾನವಾಯಿತೇ?

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಹೆಚ್ಚು ಕೆರಳಿಸುತ್ತದೆ. ಗಂಗಾವತಿಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಅಕ್ಕಿ ಗಿರಣಿಯ ಲೆಕ್ಕ ನೋಡಿಕೊಳ್ಳುವ ನನ್ನ ಸೋದರಮಾವ ಎಲ್ಲರಿಗೂ ಕೇಳುವಂತೆ, "ಅಲ್ಲೋ ಅಳಿಯಾ, 1979ರ ಮಾಲಂತಲ್ಲ, ಅದು ಈಗ ಯಾರ ಮನ್ಯಾಗ ಐತಿ? ಸತ್ತ ಎಮ್ಮಿಗೆ ಹುಲ್ಲು ಹಾಕ್ಕೋತ ಕುಂತೀಯಲ್ಲ!" ಎಂದರು. ಇಡೀ ಸಾಲು ನಕ್ಕಿತು. ನಾನು ಹೋಳಿಗೆ ಮುರಿಯುತ್ತ ಸುಮ್ಮನಿದ್ದೆ.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆ ನನಗೂ ಗೊತ್ತಿದೆ, ಆದರೆ ಈ ಎಮ್ಮೆ ಈಗಲೂ ಹಾಲು ಕೊಡುತ್ತದೆ: ಬೇರೆಡೆ ಅಡಗಿ ಕೂತ ತಪ್ಪುಗಳನ್ನು ಹಿಡಿದುಕೊಡುತ್ತದೆ. ಈ ಪ್ರೊಸೆಸರ್ ಮೇಲೆ ಓಡುವ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ನಾಲ್ಕು ಬೈಟಿನ ಪೂರ್ಣಾಂಕವೂ ನೆನಪಿನಲ್ಲಿ ಎರಡು ಬೈಟಿನ ಗಡಿಯ ಮೇಲೆ, ಎಂದರೆ ನಾಲ್ಕರಿಂದ ಭಾಗವಾಗದ ಸಮಸಂಖ್ಯೆಯ ವಿಳಾಸದಲ್ಲೂ, ಕೂರಬಹುದು. ನೆನಪಿನ ವಿಳಾಸವನ್ನು ಹಿಡಿದಿಡುವ ಪಾಯಿಂಟರಿನ ಕೊನೆಯ ಎರಡು ಬಿಟ್‌ಗಳು ಯಾವಾಗಲೂ ಸೊನ್ನೆಯೆಂದು ನಂಬಿ ಅಲ್ಲಿ ತನ್ನ ಗುರುತುಗಳನ್ನು ಬಚ್ಚಿಡುವ ಪ್ರೋಗ್ರಾಂ ಬೇರೆಡೆ ವರ್ಷಗಟ್ಟಲೆ ಚೆನ್ನಾಗಿ ಓಡಿ ಇಲ್ಲಿ ಬಂದು ಮುಗ್ಗರಿಸುತ್ತದೆ. ಸಿ ಭಾಷೆ ಅಂಥ ಭರವಸೆಯನ್ನು ಎಂದೂ ಕೊಟ್ಟಿರಲಿಲ್ಲ. ತಪ್ಪು ಪ್ರೋಗ್ರಾಮಿನದು, ಬೈಗುಳ ಮಾತ್ರ ಪೋರ್ಟಿಗೆ.

ಇನ್ನು ಮಾನ್ಯತೆಯ ಮಾತು. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಗೆ ಈ ಪೋರ್ಟ್ 2021ರಲ್ಲಿ ಸೇರಿದ್ದು 'ಪ್ರಾಯೋಗಿಕ' ಸಾಲಿಗೆ, ಎಂದರೆ ಹೆಸರು ಹಿಡಿದು ಕೇಳದಿದ್ದರೆ ಅದು ಕಂಪೈಲರ್‌ನೊಂದಿಗೆ ತಯಾರಾಗುವುದೇ ಇಲ್ಲ. ಜಿಸಿಸಿ ಎಂಬ ಇನ್ನೊಂದು ಕಂಪೈಲರ್‌ನಲ್ಲಿ ಮೊದಲ ಮತ್ತು ಎರಡನೆಯ ದರ್ಜೆಯ ವೇದಿಕೆಗಳ, ಎಂದರೆ ಪ್ರೊಸೆಸರ್ ಮತ್ತು ಕಾರ್ಯವ್ಯವಸ್ಥೆಯ ಜೋಡಿಗಳ, ಪಟ್ಟಿಯಿದೆ. ಪಟ್ಟಿಯ ಹೊರಗಿನ ಪೋರ್ಟ್ ಕೆಟ್ಟು ಕೂತರೂ ಬಿಡುಗಡೆ ನಿಲ್ಲುವುದಿಲ್ಲ. ಕೆಲಸ ಮಾಡುವ ಕೈಗಳು ಕೆಲವೇ ಇರುವಾಗ ಇದು ಅನ್ಯಾಯವೆಂದು ನಾನು ಹೇಳಲಾರೆ, ಸಂಕಟವಂತೂ ಆಗುತ್ತದೆ.

ಅದಕ್ಕೇ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಕೆಟ್ಟರೆ ಅದಕ್ಕೆ ಹೊಣೆ ಯಾರು? ಇಂಟೆಲ್‌ನ ಇಟೇನಿಯಂ ಪ್ರೊಸೆಸರ್‌ನ ಪೋರ್ಟನ್ನು 2024ರ ಜಿಸಿಸಿ 14 ಹೊರಹಾಕಬೇಕಾದವುಗಳ ಸಾಲಿಗೆ ಸೇರಿಸಿತ್ತು. ನೋಡಿಕೊಳ್ಳುತ್ತೇನೆಂದು ಒಬ್ಬರು ಮುಂದೆ ಬಂದದ್ದರಿಂದ 2025ರ ಜಿಸಿಸಿ 15ರಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ನಮ್ಮ 68000 ಪೋರ್ಟಿನ ಕಥೆಯೂ ಹೆಚ್ಚು ಕಡಿಮೆ ಅದೇ. ಜಿಸಿಸಿ ತನ್ನ ಹಳೆಯ ಒಳವ್ಯವಸ್ಥೆಯೊಂದನ್ನು ಕೈಬಿಡಲು ಹೊರಟಾಗ ಹೊಸದಕ್ಕೆ ಬದಲಾಗದ ಪೋರ್ಟ್‌ಗಳೆಲ್ಲ ಬೀಳುವಂತಿದ್ದವು. ಆಗ ಅಭಿಮಾನಿಗಳು ಹಣ ಕೂಡಿಸಿ, ಪೋರ್ಟನ್ನು ಹೊಸದಕ್ಕೆ ಬದಲಿಸಿಕೊಟ್ಟವರಿಗೆಂದು ಇನಾಮು ಇಟ್ಟರು, ಕೆಲಸ ಮುಗಿಯಿತು, 2020ರ ಜಿಸಿಸಿ 10ರಲ್ಲಿ ಪೋರ್ಟ್ ಉಳಿದುಕೊಂಡಿತು.

ಇದನ್ನು ಆಮೇಲೊಮ್ಮೆ ಮಾವನಿಗೆ ಹೇಳಿದಾಗ ಇನಾಮು ಎಂಬ ಮಾತಿಗೆ ಅವರ ಕಿವಿ ನೆಟ್ಟಗಾಯಿತು. "ನಿನಗ ಎಷ್ಟು ಬಂತು?" ಎಂದರು. ಆ ಬದಲಾವಣೆಯನ್ನು ಬರೆದವನು ನಾನಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.