ಹಗ್ಗ ಅಂದದ್ದಕ್ಕೆ ಬೈಸಿಕೊಂಡೆ

ಮೊನ್ನೆ ಅಮ್ಮ ಫೋನಲ್ಲಿ ಈಗ ಎಂತ ಕೆಲ್ಸ ಮಾಡ್ತಿದ್ದೆ ಮಾರಾಯ ಅಂತ ಕೇಳಿದ್ರು. ಹಾಯಿದೋಣಿ ನಡ್ಸೋದು ಹೇಗೆ ಅಂತ ಒಂದು ಇಂಗ್ಲಿಷ್ ಪುಸ್ತಕ ಉಂಟು, ಅದನ್ನ ರಷ್ಯನ್‌ಗೆ ಮಾಡ್ತಿದ್ದೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಗಂಗೊಳ್ಳಿಲಿ ಹುಟ್ಟಿದವನಿಗೆ ದೋಣಿ ಕಲೀಲಿಕ್ಕೆ ರಷ್ಯಾದ ತನಕ ಹೋಗ್ಬೇಕಿತ್ತಾ ಅಂದ್ರು. ಸತ್ಯ ಹೇಳ್ಬೇಕಂದ್ರೆ ಊರಲ್ಲಿದ್ದಾಗ ನಾನು ದೋಣಿ ಹತ್ರ ಹೋದದ್ದೇ ಕಮ್ಮಿ, ಮೀನು ತಟ್ಟೆಗೆ ಬಂದ್ರೆ ಸಾಕು ಅನ್ನೋ ಜಾತಿ ನಂದು.

ಪೀಟರ್ಸ್‌ಬರ್ಗಿಗೆ ಬಂದು ಹನ್ನೊಂದು ವರ್ಷ ಆಯ್ತು. ಇಂಜಿನಿಯರಿಂಗ್ ಓದ್ಲಿಕ್ಕೆ ಬಂದವ ಇಲ್ಲೇ ಉಳ್ದೆ, ಈಗ ಮೆಷಿನ್ ಮ್ಯಾನುಯಲ್‌ಗಳ ಅನುವಾದ ಮಾಡಿ ಹೊಟ್ಟೆ ಹೊರ್ಕೊಳ್ಳೋದು. ಪಂಪು, ವಾಲ್ವು, ಕಂಪ್ರೆಸರ್ ಇಂಥದ್ದೆಲ್ಲ ಕಣ್ಣು ಮುಚ್ಚಿ ಮಾಡ್ತೇನೆ. ಹಂಗಾಗಿ ಇಲ್ಲಿಯ ಒಂದು ಸೇಲಿಂಗ್ ಸ್ಕೂಲಿನವರು ನೂರಿಪ್ಪತ್ತು ಪುಟದ ಟ್ರೈನಿಂಗ್ ಪುಸ್ತಕ ಕಳ್ಸಿದಾಗ ಎರಡು ವಾರದ ಕೆಲ್ಸ ಅಂತ ಒಪ್ಕೊಂಡ್ಬಿಟ್ಟೆ, ಮೊದಲ ಡ್ರಾಫ್ಟನ್ನ ಟ್ರಾನ್ಸ್‌ಲೇಷನ್ ಸಾಫ್ಟ್‌ವೇರಿಗೆ ಹಾಕಿ ಮೇಲೆ ಮೇಲೆ ತಿದ್ದಿದ್ದು ಅಂತ್ಲೂ ಇಲ್ಲೇ ಒಪ್ಕೊಳ್ತೇನೆ, ಇನ್ನು ಮುಚ್ಚಿಟ್ಟು ಎಂತ ಪ್ರಯೋಜನ.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಲಿ ಒಬ್ರು ಅಜ್ಜ ಇದ್ದಾರೆ, ರಿಟೈರ್ಡ್ ಬೋತ್ಸ್‌ಮನ್, ಅಂದ್ರೆ ಹಡಗಿನಲ್ಲಿ ಡೆಕ್ಕಿನ ಕೆಲಸಗಾರರ ಮೇಸ್ತ್ರಿ. ಒಂದ್ಸಲ ನೋಡಿ ಅಂತ ಅವರಿಗೆ ಪ್ರಿಂಟ್ ಕೊಟ್ಟೆ. ಎರಡನೇ ಪುಟಕ್ಕೇ ಕನ್ನಡಕ ತೆಗ್ದು ಕಣ್ಣೊರೆಸಿಕೊಂಡು ನಗ್ಲಿಕ್ಕೆ ಶುರು ಮಾಡಿದ್ರು. ಇಂಗ್ಲಿಷಲ್ಲಿ ಸಣ್ಣ ದೋಣಿಯ ಮುಂದಿನ ತುದಿಗೆ ಕಟ್ಟಿದ ಹಗ್ಗಕ್ಕೆ ಪೇಂಟರ್ ಅಂತಾರೆ. ನನ್ನ ರಷ್ಯನ್ನಲ್ಲಿ ಅದು ಖುದೋಝ್ನಿಕ್ ಆಗಿತ್ತು, ಅಂದ್ರೆ ಚಿತ್ರಕಾರ. ದಡ ಸೇರಿದ ಕೂಡ್ಲೇ ಚಿತ್ರಕಾರನನ್ನ ಕಂಬಕ್ಕೆ ಬಿಗಿಯಾಗಿ ಕಟ್ಟಿ ಅಂತ ಬರೆದಿದ್ದೆ. ಅದರ ಕೆಳಗೆ ಇನ್ನೊಂದು. ಮಾಸ್ತು, ಅಂದ್ರೆ ಹಾಯಿ ಕಟ್ಟೋ ಉದ್ದ ಕಂಬ, ಅಕ್ಕಪಕ್ಕಕ್ಕೆ ಬೀಳದ ಹಾಗೆ ಹಿಡಿಯೋ ತಂತಿಗೆ ಶ್ರೌಡ್ ಅಂತಾರಲ್ಲ, ಅದು ಸಾವನ್ ಆಗಿತ್ತು, ಅಂದ್ರೆ ಹೆಣಕ್ಕೆ ಹೊದಿಸೋ ಬಟ್ಟೆ. ಹೊರಡೋ ಮುಂಚೆ ಹೆಣದ ಬಟ್ಟೆ ಸರಿಯಾಗಿ ಬಿಗಿದಿದೆಯಾ ಚೆಕ್ ಮಾಡ್ಕೊಳ್ಳಿ! ಹಾಯಿಯ ಮೂಲೆ ಎಳೆಯೋ ಹಗ್ಗ ಶೀಟು, ಅದು ಕಾಗದದ ಹಾಳೆ ಆಗಿ ಕೂತಿತ್ತು.

ಸರಿ, ಎಲ್ಲಾ ಕಡೆ ಹಗ್ಗ ಅಂತ್ಲೇ ಬರೀತೇನೆ ಅಂದೆ, ಅದಕ್ಕೆ ಇನ್ನೂ ಜೋರು ಬೈದ್ರು. ಹಡಗಲ್ಲಿ ಹಗ್ಗ ಅನ್ನೋದೇ ಇಲ್ಲ, ಇರೋದೆಲ್ಲ ಕನೇತ್ಸ್, ಅಂದ್ರೆ ತುದಿ. ಹಗ್ಗ ಅನ್ಲಿಕ್ಕೆ ಆಗೋದು ಹಡಗಿನ ಗಂಟೆ ಬಾರ್ಸೋ ಒಂದೇ ಒಂದಕ್ಕಂತೆ. ಇಂಗ್ಲಿಷ್ ನಾವಿಕರೂ ಇದೇ ಜೋಕು ಹೇಳ್ತಾರೆ. ಮತ್ತೆ ಹಡಗು ಈಜೋದಿಲ್ಲ. ರಷ್ಯನ್ನಲ್ಲಿ ಈಜೋದಕ್ಕೂ ತೇಲೋದಕ್ಕೂ ಹಡಗಲ್ಲಿ ಹೋಗೋದಕ್ಕೂ ಸೇರಿ ಪ್ಲಾವತ್ ಅನ್ನೋ ಒಂದೇ ಕ್ರಿಯಾಪದ ಉಂಟು, ದಡದ ಜನ ಅದನ್ನೇ ಹೇಳ್ತಾರೆ, ನಾವಿಕನ ಎದುರು ಹೇಳಿದ್ರೆ ಮುಗೀತು. ಸಮುದ್ರಕ್ಕೆ ನಡೀತಾರೆ, ತೇಲೋದು ಬೇರೆ ಒಂದು ವಸ್ತು ಅಂತ ಗಾದೆ ಇದೆ ಇಲ್ಲಿ, ಆ ವಸ್ತು ಯಾವುದು ಅಂತ ನಾನು ಬರೆಯೋದಿಲ್ಲ, ನೀವೇ ತಿಳ್ಕೊಳ್ಳಿ. ನಂಗೆ ತಕ್ಷಣ ನೆನಪಾದದ್ದು ನಮ್ಮೂರಿನ "ಕಡ್ಲಿಗೆ ಹೋಪುದು". ನಮ್ಮಲ್ಲೂ ಯಾರೂ ಕಡಲಲ್ಲಿ ತೇಲ್ತೇನೆ ಅನ್ನೋದಿಲ್ಲ, ಹೋಗ್ತೇನೆ ಅಂತಾರೆ. ಇದನ್ನ ಅಜ್ಜನಿಗೆ ಹೇಳಿದೆ, ನಿಮ್ಮ ಊರಿನವ್ರು ಸರಿಯಾದ ಜನ ಅಂದ್ರು. ಅವತ್ತಿಂದ ಚಾ ಸಿಗ್ಲಿಕ್ಕೆ ಶುರುವಾಯ್ತು. ದಿಕ್ಸೂಚಿಗೆ ದಡದ ರಷ್ಯನ್ನರು ಕೋಂಪಸ್ ಅಂತ ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳ್ತಾರೆ, ನಾವಿಕರು ಕಂಪಾಸ್ ಅಂತ ಕೊನೆಯದಕ್ಕೆ. ನಂಗೆ ಇದು ಮಾತ್ರ ಸುಲಭ ಆಯ್ತು, ಶಾಲೆಲಿ ಹಿಡ್ಕೊಂಡು ಹೋಗ್ತಿದ್ದ ಕಂಪಾಸ್ ಬಾಕ್ಸಿನ ದಯೆ.

ಇಷ್ಟಾದ ಮೇಲೆ ನಿಘಂಟು ಇಟ್ಕೊಂಡು ಕೂತೆ. ಶೀಟಿಗೆ ಷ್ಕೋತ್. ಹಾಯಿ ಏರಿಸೋ ಹಗ್ಗ ಹ್ಯಾಲ್ಯಾರ್ಡು, ಅದಕ್ಕೆ ಫಾಲ್. ಶ್ರೌಡಿಗೆ ವಾಂತಿ, ಹೌದು ಉಚ್ಚಾರಣೆ ಹಾಗೇ, ನಗ್ಬೇಡಿ. ದೊಡ್ಡ ಹಾಯಿಗೆ ಗ್ರೋತ್. ಇದ್ರಲ್ಲಿ ಒಂದಾದ್ರೂ ರಷ್ಯನ್ ಥರ ಕೇಳುತ್ತಾ? ಎಲ್ಲಾ ಡಚ್. ಗ್ರೋತ್ ಅಂದ್ರೆ ಡಚ್ಚಲ್ಲಿ ದೊಡ್ಡದು ಅಂತ, ಅಷ್ಟೇ. ಮತ್ರೋಸ್, ಫ್ಲಾಗ್, ಗಾವನ್, ಕಯೂತ, ಷ್ಲೂಪ್ಕ, ನಾವಿಕನಿಂದ ಹಿಡ್ದು ಬಾವುಟ, ಬಂದರು, ಕ್ಯಾಬಿನ್, ಸಣ್ಣ ದೋಣಿ ತನಕ ಎಲ್ಲಾ ಹಾಲೆಂಡಿನ ಮಾಲು. ನಾನು ಇಂಗ್ಲಿಷಿಂದ ರಷ್ಯನ್‌ಗೆ ಮಾಡ್ತಿದ್ದೇನೆ ಅಂದ್ಕೊಂಡಿದ್ದೆ, ಅರ್ಧಕ್ಕರ್ಧ ಇಂಗ್ಲಿಷಿಂದ ಡಚ್ಚಿಗೇ ಮಾಡ್ತಿದ್ದೆ.

ಇದಕ್ಕೆ ಕಾರಣ ಈ ಊರು ಕಟ್ಟಿದ ಮನುಷ್ಯನೇ, ಪೀಟರ್ ದೊರೆ. ಇಲ್ಲಿಯ ನೌಕಾ ಮ್ಯೂಸಿಯಮ್ಮಲ್ಲಿ ಒಂದು ಹಳೇ ಪುಟ್ಟ ದೋಣಿ ಉಂಟು, ಬೋತಿಕ್ ಅಂತಾರೆ, ರಷ್ಯನ್ ನೌಕಾಪಡೆಯ ಅಜ್ಜ ಅಂತ ಅದಕ್ಕೆ ಬಿರುದು. 1688ರಲ್ಲಿ ಮಾಸ್ಕೋ ಪಕ್ಕದ ಇಜ್ಮಾಯ್ಲೊವೊ ಅನ್ನೋ ಹಳ್ಳಿಯ ಉಗ್ರಾಣದಲ್ಲಿ ಹಳೇ ಸಾಮಾನಿನ ನಡುವೆ ಬಿದ್ದಿದ್ದ ಇದನ್ನ ಪೀಟರ್ ನೋಡಿದ್ದು, ಆಗ ಹುಡುಗನಿಗೆ ಹದಿನಾರರ ಆಸುಪಾಸು. ಇದು ಗಾಳಿಗೆ ಎದುರಾಗೂ ಹೋಗುತ್ತೆ ಅಂತ ಅವನಿಗೆ ಹೇಳಿದವ ಫ್ರಾಂಜ್ ಟಿಮ್ಮರ್‌ಮನ್ ಅನ್ನೋ ಡಚ್ಚಿನವ, ರಿಪೇರಿ ಮಾಡಿ ಓಡಿಸಿ ತೋರಿಸಿದವ ಕಾರ್ಸ್ಟನ್ ಬ್ರಾಂಡ್ ಅನ್ನೋ ಇನ್ನೊಬ್ಬ ಡಚ್ಚಿನವ. ದೋಣಿ ಮಾತ್ರ ಇಂಗ್ಲಿಷ್ ಮಾದರಿದು! ಇಂಗ್ಲಿಷ್ ದೋಣಿಯನ್ನ ರಷ್ಯನ್ ಹುಡುಗನಿಗೆ ಡಚ್ಚಿನವ ಕಲಿಸಿದ, ನನ್ನ ಪುಸ್ತಕದ ಸಮಸ್ಯೆ ಪೂರ್ತಿ ಆ ಉಗ್ರಾಣದಲ್ಲೇ ಶುರುವಾದದ್ದು. 1697ರಲ್ಲಿ ದೊರೆ ಖುದ್ದು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಹಡಗುಕಟ್ಟೆಲಿ ಕೊಡಲಿ ಹಿಡ್ದು ಬಡಗಿ ಕೆಲ್ಸ ಮಾಡಿದ. ಅಲ್ಲಿಯವರು ಕಣ್ಣಂದಾಜಲ್ಲೇ ಹಡಗು ಕಟ್ತಾರೆ, ಲೆಕ್ಕ ನಕ್ಷೆ ಇಲ್ಲ ಅಂತ ಬೇಜಾರಾಗಿ 1698ರಲ್ಲಿ ಲಂಡನ್ ಪಕ್ಕದ ಡೆಪ್ಟ್‌ಫರ್ಡಿಗೆ ಹೋದ. ವಿದ್ಯೆ ಇಂಗ್ಲಿಷರ ಹತ್ರ ಕಲ್ತ್ರೂ ಬಾಯಿಗೆ ಬಂದದ್ದು ಮಾತ್ರ ಮೊದಲು ಕಲ್ತ ಡಚ್ಚೇ. ಮೊದಲ ಮೇಷ್ಟ್ರು ಹೇಳಿಕೊಟ್ಟ ಪದ ಹೋಗೋದಿಲ್ಲ ನೋಡಿ.

ಎಲ್ಲಾ ಡಚ್ ಅಂದ್ಮೇಲೆ ಸುಲಭ ಅಲ್ವಾ, ಡಚ್ಚೂ ಇಂಗ್ಲಿಷೂ ದಾಯಾದಿಗಳು, ಸದ್ದಲ್ಲೇ ಗೊತ್ತಾಗುತ್ತೆ ಅಂತ ನಾನೂ ಅಂದ್ಕೊಂಡೆ. ನಾನು ಬಿದ್ದದ್ದೇ ಅಲ್ಲಿ. ಮಾಸ್ತಿನ ತುದಿಯಿಂದ ದೋಣಿ ಹಿಂಬದಿಗೆ ಹೋಗೋ ತಂತಿಗೆ ಇಂಗ್ಲಿಷಲ್ಲಿ ಬ್ಯಾಕ್‌ಸ್ಟೇ. ರಷ್ಯನ್ನಲ್ಲಿ ಬಾಕ್‌ಷ್ತಾಗ್ ಅಂತ ಪದ ಉಂಟು, ಕಣ್ಮುಚ್ಚಿ ಹಾಕ್ದೆ. ತಪ್ಪು. ಹಿಂದಿನ ತಂತಿ ಆಖ್ತರ್‌ಷ್ತಾಗ್, ಬಾಕ್‌ಷ್ತಾಗ್ ಅಂದ್ರೆ ಹಿಂದಕ್ಕೆ ಓರೆಯಾಗಿ ಅಕ್ಕಪಕ್ಕ ಇಳಿಯೋ ಬೇರೆ ತಂತಿ. ಅಷ್ಟೇ ಆಗಿದ್ರೆ ಪರ್ವಾಗಿಲ್ಲ, ಗಾಳಿ ಹಿಂದಿನಿಂದ ಓರೆಯಾಗಿ ಬೀಸುವಾಗ ದೋಣಿ ಹೋಗೋ ದಿಕ್ಕಿಗೂ ಬಾಕ್‌ಷ್ತಾಗ್ ಅಂತ್ಲೇ ಹೆಸರು. ಹಾಗೇ ಫೋರ್ದೆವಿಂದ್ ಅಂದ್ರೆ ಗಾಳಿ ನೇರ ಬೆನ್ನಿಗೆ ಇರೋದು, ಆದ್ರೆ ದೋಣಿಯ ಬೆನ್ನನ್ನ ಗಾಳಿಗೆ ಅಡ್ಡ ದಾಟಿಸಿ ತಿರುಗೋದಕ್ಕೂ ಫೋರ್ದೆವಿಂದೇ. ಇಂಗ್ಲಿಷಿನವರಿಗೆ ಇವೆರಡೂ ಬೇರೆ ಬೇರೆ ಪದ. ಸೇಡು ತೀರಿಸಿಕೊಳ್ಳೋ ಹಾಗೆ ಅವರ ಟ್ಯಾಕ್ ಅನ್ನೋ ಒಂದೇ ಪದ ಹಾಯಿಯ ಮೂಲೆಯೂ ಹೌದು, ತಿರುಗೋದೂ ಹೌದು, ಗಾಳಿ ಎಡದಿಂದಲೋ ಬಲದಿಂದಲೋ ಅನ್ನೋದೂ ಹೌದು. ಒಂದೇ ಪ್ಯಾರಾದಲ್ಲಿ ಟ್ಯಾಕ್ ಐದು ಸಲ ಬಂದ್ರೆ ನಾನು ಐದು ಸಲ ನಿಂತು ಕೈಯನ್ನೇ ದೋಣಿ ಮಾಡಿ ಟೇಬಲ್ ಮೇಲೆ ತಿರುಗಿಸಿ ನೋಡ್ಬೇಕು. ಹಾಯಿಯ ಕೆಳಗಿನ ಅಡ್ಡ ಮರ, ತಿರುಗುವಾಗ ತಲೆಗೆ ಬಡಿಯೋದು, ಅದಕ್ಕೆ ರಷ್ಯನ್ನಲ್ಲಿ ಗಿಕ್. ಈಗಿನ ಹುಡುಗರು ಕಂಪ್ಯೂಟರ್ ಹುಚ್ಚಿನವನಿಗೂ ಗಿಕ್ ಅನ್ನೋದು, ಇಂಗ್ಲಿಷಿನ ಗೀಕ್ ಇಲ್ಲಿ ಹಾಗೆ ಬಂದದ್ದು. ಗಿಕ್ ಬರ್ತಿದೆ ತಲೆ ಬಗ್ಗಿಸಿ ಅಂತ ಟೈಪ್ ಮಾಡುವಾಗ ಬೆಂಗ್ಳೂರಿನ ಗೆಳೆಯರೆಲ್ಲ ಕಣ್ಮುಂದೆ ಬಂದ್ರು.

ಆಳದ ಅಳತೆ ಮಾತ್ರ ನಗೋ ವಿಷ್ಯ ಅಲ್ಲ. ಹಳೇ ಬ್ರಿಟಿಷ್ ಕಡಲ ನಕ್ಷೆ ಓದೋದು ಹೇಗೆ ಅಂತ ಒಂದು ಅಧ್ಯಾಯ ಇತ್ತು, ಆಳ ಎಲ್ಲಾ ಫ್ಯಾದಮ್ಮಲ್ಲಿ. ನಿಘಂಟಲ್ಲಿ ಸಾಝೆನ್ ಅಂತ ಹಳೇ ರಷ್ಯನ್ ಅಳತೆ ಇತ್ತು, ಬರೆದೆ. ಅಜ್ಜ ಚಾ ಲೋಟ ಕೆಳಗಿಟ್ರು. ನೆಲದ ಸಾಝೆನ್ ಏಳು ಅಡಿ, 2.13 ಮೀಟರು, ಕಡಲಿನ ಸಾಝೆನ್ ಆರು ಅಡಿ, 1.83 ಮೀಟರು, ಫ್ಯಾದಮ್ಮಿಗೆ ಸರಿಯಾದದ್ದು ಎರಡನೇದು, ಕಡಲಿನದ್ದು ಅಂತ ಬರೀದಿದ್ರೆ ಓದಿದವ ಹತ್ತು ಸಾಝೆನಿಗೆ ಮೂರು ಮೀಟರು ಜಾಸ್ತಿ ನೀರು ಉಂಟು ಅಂದ್ಕೊಂಡು ಹೋಗಿ ದೋಣಿಯ ಅಡಿ ಒಡ್ಕೊಳ್ತಾನೆ. ಇಲ್ಲಿ ಕಡಲಿಗೆ ಹೋಗೋರಿಗೆ ಹಾರೈಸೋದೇ ನಿಮ್ಮ ದೋಣಿ ಅಡಿಗೆ ಏಳಡಿ ನೀರು ಇರ್ಲಿ ಅಂತ. ಫ್ಯಾದಮ್ ಆಗ್ಲಿ ಸಾಝೆನ್ ಆಗ್ಲಿ ಮೂಲದಲ್ಲಿ ಎರಡೂ ಕೈ ಚಾಚಿದಷ್ಟು ಉದ್ದ. ಇದು ನಮ್ಮ ಮಾರು ಅಲ್ವಾ ಮತ್ತೆ! ಎಷ್ಟು ಮಾರು ನೀರು ಅಂತ ನಮ್ಮ ಮೀನುಗಾರರು ಕೇಳೋದು, ಹೂವಿನವಳು ಮಲ್ಲಿಗೆ ದಂಡೆ ಅಳೆಯೋದು, ಎಲ್ಲಾ ಅದೇ ಮಾರಲ್ಲಿ. ಅಜ್ಜ, ನಾನು ಇಬ್ರೂ ಅಡುಗೆಮನೇಲಿ ಎದುರು ಬದುರು ಕೈ ಚಾಚಿ ನಿಂತು ಅಳೆದದ್ದೂ ಆಯ್ತು, ಅವರ ಮಾರು ನನ್ನದಕ್ಕಿಂತ ಉದ್ದ ಬಂತು.

ಇಷ್ಟು ಡಚ್ ನೋಡಿ ರಷ್ಯನ್ನರಿಗೆ ಯಾರಿಗೂ ಹೊಟ್ಟೆ ಉರೀಲಿಲ್ವಾ ಅಂತ ನೀವು ಕೇಳಬಹುದು. ಉರೀತು, ಅದೂ ಒಬ್ಬ ಅಡ್ಮಿರಲ್‌ಗೇ. ಅಲೆಕ್ಸಾಂದರ್ ಷಿಷ್ಕೋವ್ ಅಂತ, 1795ರಲ್ಲಿ ಇಂಗ್ಲಿಷ್, ಫ್ರೆಂಚ್, ರಷ್ಯನ್ ಮೂರು ಭಾಷೆಯ ನೌಕಾ ನಿಘಂಟು ಮಾಡಿದವರು. ಸಾಹಿತ್ಯದಲ್ಲಿ ಇವರು ಪರಭಾಷೆ ಪದ ಕಂಡ್ರೆ ಉರಿದು ಬೀಳ್ತಿದ್ರು, ಮುಖ್ಯವಾಗಿ ಫ್ರೆಂಚ್ ಮೇಲೆ ಸಿಟ್ಟು. ಗಲೋಷ್ ಅಂದ್ರೆ ಮಳೆಗೆ ಬೂಟಿನ ಮೇಲೆ ಹಾಕೋದು, ಅದಕ್ಕೆ ಅಚ್ಚ ರಷ್ಯನ್ನಲ್ಲಿ ಮೊಕ್ರಸ್ತೂಪಿ, ಅಂದ್ರೆ ಒದ್ದೆ ಮೆಟ್ಟು ಅನ್ನಬೇಕು ಅಂದ್ರಂತೆ ಅಂತ ಜನ ಇವತ್ತಿಗೂ ಆಡ್ಕೊಂಡು ನಗ್ತಾರೆ. ಆದ್ರೆ ಅಂಥವರಿಗೂ ಹಡಗಿನ ನಿಘಂಟಲ್ಲಿ ಡಚ್ ಪದಗಳನ್ನ ಓಡಿಸ್ಲಿಕ್ಕೆ ಆಗ್ಲಿಲ್ಲ. ಬಿರುಗಾಳಿಲಿ ಕೂಗ್ಬೇಕಾದ ಪದ, ಮೂವತ್ತು ಜನಕ್ಕೆ ಒಂದೇ ಸಲ ಅರ್ಥ ಆಗ್ಬೇಕು. ಕಚೇರಿಲಿ ಕೂತು ಹೊಸ ಪದ ಟಂಕಿಸಬಹುದು, ಮಾಸ್ತಿನ ಮೇಲೆ ನಿಂತವನಿಗೆ ಅದನ್ನ ಹೇಳ್ಲಿಕ್ಕಾಗುತ್ತಾ? ನಮ್ಮಲ್ಲೂ ಸ್ವಿಚ್ಚಿಗೆ ಗುಂಡಿ ಅನ್ಬೇಕಾ ಎಂತ ಅನ್ಬೇಕು ಅಂತ ಜಗಳ ಆಗುವಾಗ ನಂಗೆ ಈ ಅಡ್ಮಿರಲ್ ನೆನಪಾಗ್ತಾರೆ. ಪಾಪ, ಅವರ ಕೆಲ್ಸವೂ ಸುಲಭದ್ದಲ್ಲ. ಇಂಗ್ಲಿಷಲ್ಲಿ ಮಿಜ್ಜನ್ ಅಂದ್ರೆ ಹಿಂದಿನ ಮಾಸ್ತು, ಅದೇ ಸದ್ದಿನ ಫ್ರೆಂಚ್ ಮಿಜೆನ್ ಮುಂದಿನ ಮಾಸ್ತು. ಇಂಥದ್ದನ್ನ ಮೂರು ಕಾಲಮ್ಮಲ್ಲಿ ಕೈಬರಹದಲ್ಲಿ ಕೂರಿಸಿದ ಮನುಷ್ಯನಿಗೆ ನಾನಂತೂ ಕೈಮುಗೀತೇನೆ.

ಡಚ್ಚರು ಬರೋ ಮುಂಚೆ ಇವರಿಗೆ ಕಡಲ ಭಾಷೆ ಇರ್ಲಿಲ್ವಾ ಅಂದ್ರೆ ಇತ್ತು, ಚೆನ್ನಾಗೇ ಇತ್ತು. ಉತ್ತರದಲ್ಲಿ ಬಿಳಿ ಸಮುದ್ರದ ದಡದ ಪಮೋರ್ ಜನ ಕೋಚ್ ಅನ್ನೋ ತಮ್ಮದೇ ಹಡಗಲ್ಲಿ ಮಂಜುಗಡ್ಡೆಯ ನಡುವೆ ಹೋಗಿ ಬರ್ತಿದ್ರು. ಅವರಲ್ಲಿ ಮಾಸ್ತಿಗೆ ಷೆಗ್ಲ, ಚುಕ್ಕಾಣಿಗೆ ಸಪೇತ್ಸ್. ದಿಕ್ಸೂಚಿಗೆ ಮಾತ್ಕ ಅಂತಿದ್ರು, ತಾಯಿ ಅನ್ನೋ ಪದದಿಂದಲೇ ಬಂದದ್ದು. ಒಂದೊಂದು ಗಾಳಿಗೂ ಒಂದೊಂದು ಹೆಸ್ರು. ಈಶಾನ್ಯದ್ದು ಪಲೂನೊಚ್ನಿಕ್, ನಡುರಾತ್ರಿಯವ. ಆಗ್ನೇಯದ್ದು ಅಬೇದ್ನಿಕ್, ಮಧ್ಯಾಹ್ನದ ಊಟದವ, ಊಟದ ಹೊತ್ತಿಗೆ ಸೂರ್ಯ ಇರೋ ಕಡೆಯಿಂದ ಬರೋದಕ್ಕೆ. ನೈರುತ್ಯದ್ದು ಷೆಲೋನಿಕ್, ಇದು ಷೆಲೋನ್ ಅನ್ನೋ ನದಿ ಹೆಸ್ರು, ಆ ನದಿ ಇರೋದು ಬಿಳಿ ಸಮುದ್ರದ ಹತ್ರ ಅಲ್ವೇ ಅಲ್ಲ, ನವ್ಗೊರದ್ ಪಕ್ಕ! ಅಲ್ಲಿಂದ ಗುಳೆ ಹೋದವರು ಹೋಗುವಾಗ ತಮ್ಮೂರಿನ ಗಾಳಿ ಹೆಸ್ರನ್ನೂ ಕಟ್ಕೊಂಡು ಹೋಗಿದ್ದಾರೆ. ಪುಸ್ತಕದಲ್ಲಿ ನೈರುತ್ಯ ಮಾರುತ ಅಂತ ಬಂದಾಗ ಷೆಲೋನಿಕ್ ಅಂತ್ಲೇ ಹಾಕ್ಲಿಕ್ಕೆ ಆಸೆ ಆಯ್ತು. ಸ್ಕೂಲಿನವರು ಜ್ಯೂಯ್ದ್-ವೆಸ್ತ್ ಅಂತ ತಿದ್ದಿದ್ರು. ಅದೂ ಡಚ್ಚೇ.

ನಾವೇನು ಕಮ್ಮಿ ಇಲ್ಲ ಬಿಡಿ. ಬಂದರು ಪರ್ಷಿಯನ್, ಲಂಗರೂ ಪರ್ಷಿಯನ್, ಚುಕ್ಕಾಣಿ ಅರಬ್ಬರ ಸುಕ್ಕಾನಿನ ತಮ್ಮ, ಕಪ್ತಾನ ಪೋರ್ಚುಗೀಸರವ. ಕರಾವಳಿಗೆ ಯಾರ್ಯಾರು ಬಂದ್ರೋ ಅವರೆಲ್ಲ ಒಂದೊಂದು ಪದ ಇಳಿಸಿ ಹೋದ್ರು, ಅಜ್ಜಿ ಕಾಲದಿಂದ ಹೇಳ್ಕೊಂಡು ಬಂದು ಅಚ್ಚ ಕನ್ನಡ ಅಂತ್ಲೇ ನಂಬಿದ್ದೇವೆ.

ಕೊನೇ ಜಗಳ ಆದದ್ದು ಸ್ಕೂಲಿನ ಟೀಚರ್ ಹುಡುಗನ ಜೊತೆ. ಮೂವತ್ತು ಆಗಿರ್ಲಿಕ್ಕಿಲ್ಲ, ಟರ್ಕಿಲಿ, ಗ್ರೀಸಲ್ಲಿ ಬಾಡಿಗೆ ದೋಣಿ ನಡ್ಸಿ ಕಲ್ತವ. ದಡಕ್ಕೆ ಕಟ್ಟೋ ಹಗ್ಗಕ್ಕೆ ನಾನು ಷ್ವರ್ತೋವ್ ಅಂತ ಬರೆದ್ರೆ, ಯಾಕೆ ಅಷ್ಟು ಕಷ್ಟ, ಎಲ್ರೂ ಮೂರಿಂಗ್ ಅಂತ್ಲೇ ಹೇಳೋದು ಅಂದ. ಅಜ್ಜನನ್ನ ಕೇಳಿದೆ, ಕೆಂಪಾದ್ರು. ಈ ಹುಡುಗರು ರಷ್ಯನ್ ಭಾಷೆ ಹಾಳು ಮಾಡ್ತಿದ್ದಾರೆ, ಷ್ವರ್ತೋವ್ ಅನ್ನೋ ಒಳ್ಳೇ ರಷ್ಯನ್ ಪದ ಇರುವಾಗ ಇಂಗ್ಲಿಷ್ ಯಾಕೆ ಅಂತ ಟೇಬಲ್ ಕುಟ್ಟಿದ್ರು. ಷ್ವರ್ತೋವ್ ಕೂಡ ಡಚ್ಚಿಂದ ಬಂದದ್ದು ಅಂತ ಹೇಳ್ಬೇಕು ಅಂತ ಬಾಯಿ ತುದಿಗೆ ಬಂತು, ಚಾ ನಿಂತೀತು ಅಂತ ಸುಮ್ನಾದೆ. ಎರಡು ವಾರದ ಕೆಲ್ಸ ನಾಲ್ಕು ತಿಂಗ್ಳಾಯ್ತು, ದುಡ್ಡು ಎರಡು ವಾರದ್ದೇ.

ಪುಸ್ತಕ ಕಳ್ಸಿದ ಮರುದಿನ ಭಾನುವಾರ, ಮಗಳನ್ನ ಪಾರ್ಕಿಗೆ ಕರ್ಕೊಂಡು ಹೋಗಿದ್ದೆ. ಕೆರೇಲಿ ಕಾಲಲ್ಲಿ ಪೆಡಲ್ ತುಳಿಯೋ ಬಾತುಕೋಳಿ ಆಕಾರದ ಬೋಟುಗಳು, ಪಕ್ಕದಲ್ಲಿ ಬಾಡಿಗೆ ಬೋರ್ಡು, ಕತಮರಾನ್ ಅಂತ. ಇಲ್ಲಿ ಪೆಡಲ್ ಬೋಟಿಗೆ ಅದೇ ಹೆಸ್ರು. ನಾಲ್ಕು ತಿಂಗ್ಳು ಡಚ್ಚಲ್ಲಿ ಮುಳುಗಿದ್ದ ತಲೆಗೆ ಒಂದು ಕ್ಷಣ ಬೇಕಾಯ್ತು. ತಮಿಳರ ಕಟ್ಟುಮರಂ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಈಗ ಇಲ್ಲಿ ಬಾತುಕೋಳಿ ಆಗಿ ಕೂತಿದೆ. ಕಟ್ಟು, ಮರ, ಎರಡೂ ನಮ್ಮ ಮನೇದೇ ಪದ. ಟಿಕೆಟ್ ಕೊಡೋ ಅಜ್ಜಿಗೆ ಇದು ನಮ್ಮ ಕಡೆಯ ಪದ ಗೊತ್ತಾ ಅಂದೆ. ಹೌದಾ, ಅರ್ಧ ಗಂಟೆಗಾ ಒಂದು ಗಂಟೆಗಾ ಅಂದ್ರು.